ಒಗೆಯುವ ಮೂಲೆಯ ಕಿಂಡಿ

ಆ ಊರಿನಲ್ಲಿ ಏಸಿ ರಿಪೇರಿ ಮಾಡುವವರು ಹತ್ತಾರು ಮಂದಿ ಇದ್ದರು. ಹೆಂಗಸು ಎಂದರೆ ಅವಳೊಬ್ಬಳೇ. ಹದಿನೆಂಟು ವರ್ಷದಿಂದ ಏಣಿ ಹೊತ್ತು ಮನೆಮನೆ ತಿರುಗಿದವಳನ್ನು ಜನ ಗಾಳಿಯಕ್ಕ ಎಂದು ಕರೆಯುತ್ತಿದ್ದರು. ತಮಾಷೆಗೆ ಹುಟ್ಟಿದ ಹೆಸರು ಆಮೇಲೆ ಅಂಗಡಿಯ ಬೋರ್ಡಿಗೂ ಏರಿತ್ತು. ಬೇರೆಯವರು ಬಂದ ಕೂಡಲೇ ಪೆಟ್ಟಿಗೆ ಬಿಚ್ಚುತ್ತಿದ್ದರು. ಇವಳು ಮೊದಲು ಮನೆಯ ಮಧ್ಯೆ ಸುಮ್ಮನೆ ನಿಂತು, ಕಡ್ಡಿಗೆ ಕಟ್ಟಿದ ಹತ್ತಿಯ ಎಳೆಯೊಂದನ್ನು ಎತ್ತಿ ಹಿಡಿದು, ಅದು ಯಾವ ಕಡೆ ಬಾಗುತ್ತದೆ ಎಂದು ನೋಡುತ್ತಿದ್ದಳು. "ಮಿಷನ್ ಸರಿಯಾಗೇ ಇರುತ್ತೆ. ಗಾಳಿಗೆ ದಾರಿ ಗೊತ್ತಿರಲ್ಲ, ಅಷ್ಟೇ" ಎನ್ನುತ್ತಿದ್ದಳು.

ಆ ವರ್ಷ ಚಳಿ ಒಂದು ತಿಂಗಳು ಮೊದಲೇ ಬಂದು ಎಲ್ಲರನ್ನೂ ಏಮಾರಿಸಿತು. ಬೇಸಿಗೆಯಲ್ಲಿ ತಂಪಿಗೆಂದು ಹಾಕಿಸಿದ ಏಸಿಗಳನ್ನೇ ಜನ ಈಗ ಬಿಸಿಗೆ ತಿರುಗಿಸಿ ಕೂತಿದ್ದರು. ಬಟ್ಟೆ ಹೊಲಿಯುವ ಟೈಲರಮ್ಮ ಫೋನ್ ಮಾಡಿದ್ದು ಒಂದು ಮಂಗಳವಾರ ಬೆಳಿಗ್ಗೆ. ಎರಡನೇ ಮಹಡಿಯ ಮನೆ. ಮುಂದೆ ಹಾಲ್, ಅಲ್ಲಿಂದ ಒಳಕ್ಕೆ ಓಣಿಯಂಥ ಕಿರಿದಾದ ದಾರಿ. ಓಣಿಯ ಒಂದು ಪಕ್ಕಕ್ಕೆ ಅಡಿಗೆಮನೆ, ಕೊನೆಯಲ್ಲಿ ಅತ್ತೆಯ ರೂಮು, ಅದಕ್ಕೆ ಅಂಟಿಕೊಂಡೇ ಬಟ್ಟೆ ಒಗೆಯುವ ಮೂಲೆ. ಇಡೀ ಮನೆಗೆ ಇದ್ದದ್ದು ಹಾಲಿನ ಗೋಡೆಯ ಮೇಲಿನ ಒಂದೇ ಏಸಿ.

"ಹಾಲಲ್ಲಿ ಕೂತ್ರೆ ತಲೆ ಬೇಯುತ್ತೆ, ಕಾಲು ಕೊರೆಯುತ್ತೆ. ಅತ್ತೆ ರೂಮಲ್ಲಂತೂ ಹಲ್ಲು ಕಟಕಟ ಅನ್ನುತ್ತೆ" ಎಂದಳು ಟೈಲರಮ್ಮ. "ಮೂವತ್ತಕ್ಕೆ ಇಟ್ಟಿದೀನಿ, ಆದ್ರೂ ಇಷ್ಟೇ."

ಒಳಗಿನಿಂದ ಅತ್ತೆಯ ದನಿ ಬಂತು. "ನಂಗಿರೋದೇ ನಾಲ್ಕು ಹಲ್ಲು ಕಣೇ. ಕಟಕಟ ಅನ್ನೋಕೆ ಜೊತೆಯಾದ್ರೂ ಸಿಗ್ಬೇಕಲ್ಲ!"

ಟೈಲರಮ್ಮನ ಗಂಡ ಲಾರಿ ಹತ್ತಿ ಹೊರಟರೆ ಹದಿನೈದು ದಿನ ಪತ್ತೆ ಇರುತ್ತಿರಲಿಲ್ಲ. ಮನೆಯಲ್ಲಿದ್ದದ್ದು ಅತ್ತೆ, ಸೊಸೆ, ಮತ್ತು ಆರು ವರ್ಷದ ಹುಡುಗಿ. ಹುಡುಗಿ ಸದಾ ಅಮ್ಮನ ಗುಂಡಿಗಳ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡೇ ಇರುತ್ತಿದ್ದುದರಿಂದ ಎಲ್ಲರೂ ಅವಳನ್ನು ಬಟನ್ ಎನ್ನುತ್ತಿದ್ದರು. ಗಾಳಿಯಕ್ಕ ಏಣಿ ಹತ್ತಿದಾಗ ಬಟನ್ ಕೆಳಗೆ ನಿಂತು ಕತ್ತೆತ್ತಿ ನೋಡುತ್ತಿದ್ದಳು.

ಏಸಿಯ ಜಾಲರಿ ಹೊರಗೆ ಬಂದಾಗ ಟೈಲರಮ್ಮನಿಗೇ ನಾಚಿಕೆಯಾಯಿತು. ಒಂದು ಕೋಟ್‌ಗೆ ಒಳಪದರ ಹಾಕುವಷ್ಟು ನೂಲಿನ ಹಿಂಜು ಅದರಲ್ಲಿ ಕೂತಿತ್ತು. ಅದನ್ನು ತೊಳೆದು ಒಣಗಿಸಿ ಹಾಕಿ, ಗಾಳಿಯಕ್ಕ ಏಸಿಯ ರೆಕ್ಕೆಗಳನ್ನು ನೇರ ನೆಲಕ್ಕೆ ಬಗ್ಗಿಸಿದಳು. "ತಣ್ಣನೆ ಗಾಳಿ ಬೇಕಾದ್ರೆ ರೆಕ್ಕೆ ಮೇಲಕ್ಕೆ, ಬಿಸಿ ಬೇಕಾದ್ರೆ ಕೆಳಕ್ಕೆ. ಬಿಸಿಗಾಳಿ ಹಗುರ ನೋಡಿ, ಹಾಗೇ ಬಿಟ್ರೆ ಸೂರಿಗೆ ಹೋಗಿ ಕೂರುತ್ತೆ. ಇಷ್ಟು ದಿನ ನೀವು ಬೆಚ್ಚಗಿಟ್ಟಿದ್ದು ಮೇಲಿರೋ ಹಲ್ಲಿಗಳನ್ನ." ಮೂವತ್ತನ್ನು ಇಪ್ಪತ್ತೆರಡಕ್ಕೆ ಇಳಿಸಿದಳು. "ಗಂಟೆಗೊಮ್ಮೆ ಆರಿಸಿ ಹಚ್ಚಬೇಡಿ. ಇಷ್ಟಕ್ಕೇ ಇಟ್ಟು ಮರ್ತುಬಿಡಿ. ಒಳಗಿನ ಬಾಗಿಲೆಲ್ಲ ತೆರೆದಿರಲಿ."

ಆಮೇಲೆ ಒಂದು ಟೇಬಲ್ ಫ್ಯಾನ್ ಕೇಳಿ, ಅದನ್ನು ಓಣಿಯ ತುದಿಯಲ್ಲಿ, ನೆಲದ ಮೇಲೆ, ಹಾಲಿನ ಕಡೆ ಮುಖ ಮಾಡಿ ಇಟ್ಟಳು.

"ಇದೇನಕ್ಕ, ಚಳೀಲಿ ಫ್ಯಾನಾ?" ಟೈಲರಮ್ಮ ನಕ್ಕಳು.

"ತಣ್ಣನೆ ಗಾಳಿ ನೆಲಕ್ಕೆ ಅಂಟಿಕೊಂಡು ಮಲಗಿರುತ್ತೆ. ಅದನ್ನ ಇಲ್ಲಿಂದ ಹಾಲಿಗೆ ನೂಕಿದ್ರೆ, ಖಾಲಿಯಾದ ಜಾಗಕ್ಕೆ ಮೇಲಿಂದ ಬಿಸಿಗಾಳಿ ಬಂದೇ ಬರುತ್ತೆ. ಒಂದರ್ಧ ಗಂಟೆ ನೋಡಿ."

ಕಿಟಕಿಗಳ ಸಂದಿಗೆಲ್ಲ ಸ್ಪಂಜಿನ ಪಟ್ಟಿ ಅಂಟಿಸಿದಳು. ಅಡಿಗೆಮನೆಯದು, ಹಾಲಿನದು, ಅತ್ತೆಯ ರೂಮಿನದು. ಆದರೂ ಕಡ್ಡಿಯ ಎಳೆ ಮನೆಯ ಹಿಂಭಾಗದಿಂದ ಬಂದ ಗಾಳಿಗೆ ಬಾಗುತ್ತಲೇ ಇತ್ತು. ಅದನ್ನೇ ಹಿಂಬಾಲಿಸಿಕೊಂಡು ಹೋದರೆ, ಒಗೆಯುವ ಮೂಲೆಯ ಗೋಡೆಯಲ್ಲಿ, ತಲೆಯಿಂದ ಸ್ವಲ್ಪ ಮೇಲೆ, ಎರಡು ಅಂಗೈ ಅಗಲದ ಜಾಲಿಯ ಕಿಂಡಿ. ಎಳೆ ಅಲ್ಲಿ ಅಡ್ಡಡ್ಡ ಮಲಗಿಬಿಟ್ಟಿತು.

"ಕಳ್ಳ ಇಲ್ಲಿ ಸಿಕ್ಕಿಬಿದ್ದ" ಎಂದಳು ಗಾಳಿಯಕ್ಕ.

ಕಿಂಡಿಯ ಪಕ್ಕದಲ್ಲಿ ಗ್ಯಾಸಿನಲ್ಲಿ ನೀರು ಕಾಯಿಸುವ ಗೀಸರ್ ಇತ್ತು. ಅದರ ಮೇಲೆ ಒದ್ದೆ ಚೀಲವೊಂದು ನೇತಾಡುತ್ತಿತ್ತು. ಅವಳ ಕೈ ನಿಂತಿತು. "ಇದನ್ನ ಬಳಸ್ತೀರಾ?"

"ಅಯ್ಯೋ, ಅದು ಕೆಟ್ಟು ಎರಡು ತಿಂಗಳಾಯ್ತು. ರಿಪೇರಿಯವನು ದಿನಾ ನಾಳೆ ಬರ್ತೀನಿ ಅಂತಾನೆ. ಒಲೆ ಮೇಲೇ ನೀರು ಕಾಯಿಸ್ತಿದೀವಿ."

ಗಾಳಿಯಕ್ಕ ಥರ್ಮಾಕೋಲಿನ ತುಂಡೊಂದನ್ನು ಅಳತೆಗೆ ಕತ್ತರಿಸಿ, ಕಿಂಡಿಗೆ ಒತ್ತಿ, ನಾಲ್ಕೂ ಅಂಚಿಗೆ ಟೇಪು ಹಾಕಿದಳು. ಗೀಸರ್ ರಿಪೇರಿಯಾದ ದಿನ ಇದನ್ನು ಕಿತ್ತುಹಾಕಬೇಕು ಎಂದು ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅತ್ತೆ ಕೂಗಿದರು. "ಬಾರಮ್ಮ ಇಲ್ಲಿ! ನನ್ನ ಕಾಲು ಬೆಚ್ಚಗಾಗ್ತಿದೆ ಕಣೇ! ನಿಜವಾಗ್ಲೂ! ಬಂದು ಮುಟ್ಟಿ ನೋಡು!" ಇಬ್ಬರೂ ನಗುತ್ತಾ ಹೋದರು. ಮುದುಕಿಯ ಪಾದ ಮುಟ್ಟಿ ನೋಡಿದ್ದಾಯಿತು, ಹೊಗಳಿಸಿಕೊಂಡದ್ದಾಯಿತು. ಹೇಳಬೇಕಾದ ಮಾತು ನಾಲಿಗೆಯ ತುದಿಯಿಂದ ಎಲ್ಲಿಗೋ ಜಾರಿಹೋಯಿತು.

ಗುರುವಾರ ಮಧ್ಯಾಹ್ನ ಅವಳು ಒಬ್ಬ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಏಣಿಯ ಮೇಲಿದ್ದಳು. ಕಾಯುವ ರೋಗಿಗಳಿಗೆ ಕಾಲು ಚಳಿ, ಒಳಗೆ ಡಾಕ್ಟರಿಗೆ ಬೆವರು. ಅದೇ ಹಳೆಯ ಕತೆ. ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು.

"ಅಕ್ಕ, ಒಂದು ಥ್ಯಾಂಕ್ಸ್ ಹೇಳೋಣ ಅಂತ ಮಾಡ್ದೆ." ಟೈಲರಮ್ಮನ ದನಿ. "ಮನೆ ಎಷ್ಟು ಹಿತವಾಗಿದೆ ಅಂದ್ರೆ... ನಮ್ಮತ್ತೆ ಬೆಳಿಗ್ಗೆಯಿಂದ ಹೊದಿಕೆ ತೆಗೆದು ಮಲಗಿದಾರೆ. ಮೊನ್ನೆಯಿಂದ ಸ್ವೆಟರೇ ಹಾಕಿಲ್ಲ ನಾವು."

"ಒಳ್ಳೇದಾಯ್ತು ಬಿಡಿ."

"ಆದ್ರೆ ಬೆಚ್ಚಗಾಗಿದ್ದಕ್ಕೋ ಏನೋ, ಎಲ್ರಿಗೂ ಜೋಂಪು. ಬಟನ್ನು ಊಟ ಬೇಡ ಅಂತ ವಾಂತಿ ಮಾಡ್ಕೊಂಡು ಮಲಗಿಬಿಟ್ಲು. ನಂಗೂ ಹಣೆ ಹಿಡಿದು ಒತ್ತಿದ ಹಾಗೆ... ಸೂಜಿಗೆ ದಾರ ಪೋಣಿಸೋಕೆ ನಾಲ್ಕು ಸಲ ಆಯ್ತು ನೋಡಿ." ಮಾತು ಎಳೆಎಳೆಯಾಗಿ, ನಿದ್ದೆಗಣ್ಣಿನಲ್ಲಿ ಮಾತಾಡಿದ ಹಾಗೆ ಬರುತ್ತಿತ್ತು. "ಇವತ್ತು ರಾಶಿ ಕೆಲಸ ಅಕ್ಕ. ಕಂಬಳಿ ಎಲ್ಲ ಒಗೆಯೋಕೆ ಹಾಕಿದೀನಿ. ಬೆಳಿಗ್ಗೆ ಆ ಪುಣ್ಯಾತ್ಮ ಬಂದು ಗೀಸರ್ ಸರಿ ಮಾಡಿಕೊಟ್ಟ, ಅಂತೂ..."

ಮಾತು ನಿಂತಿತು. ಫೋನ್ ಕಟ್ಟಾಗಲಿಲ್ಲ. ಹೊಲಿಗೆ ಮಿಷನ್ ಗುಂಯ್‌ಗುಟ್ಟುವ ಸದ್ದು ಮಾತ್ರ ಕೇಳುತ್ತಿತ್ತು.

ಗಾಳಿಯಕ್ಕನ ಕಣ್ಣಿಗೆ ಕಟ್ಟಿದ್ದು ಆ ಎರಡು ಅಂಗೈ ಅಗಲದ ಬಿಳಿ ತುಂಡು, ಅದರ ನಾಲ್ಕು ಅಂಚಿನ ಟೇಪು. "ಗೀಸರ್ ಆರ್ಸಿ! ಕೇಳಿಸ್ತಾ? ಗ್ಯಾಸ್ ಆರ್ಸಿ, ಕಿಟಕಿ ತೆಗೀರಿ, ಮಗೂನ ಎತ್ಕೊಂಡು ಹೊರಗೆ ಬನ್ನಿ!" ಎಂದು ಕಿರುಚಿದಳು. ಆ ಕಡೆಯಿಂದ "ಹೂಂ... ಹೂಂ" ಎಂದು ಬಂತು. ಆಮೇಲೆ ಏನೋ ಬಿದ್ದ ಸದ್ದು. ಆಮೇಲೆ ಫೋನ್ ಕಟ್ಟಾಯಿತು.

ಹಲ್ಲಿನ ಡಾಕ್ಟರು ಕೈಗವಸಿನಲ್ಲೇ ಓಡಿ ಬಂದರು. ವಿಳಾಸ ಹೇಳಿ, ಆಂಬುಲೆನ್ಸಿಗೆ ಫೋನ್ ಮಾಡಿ ಎಂದು ಅವರಿಗೆ ಬಿಟ್ಟು, ಅವಳು ಸ್ಕೂಟರ್ ಹತ್ತಿದಳು. ಆ ಮನೆಗೆ ಹದಿನೈದು ನಿಮಿಷದ ದಾರಿ.

ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಆ ಮನೆಯ ಗಾಳಿ ಹರಿಯುತ್ತಿತ್ತು. ಗೀಸರಿನ ಬೆಂಕಿಗೆ ಉಸಿರಾಡಲು ಇದ್ದ ಒಂದೇ ಬಾಯಿಯನ್ನು ಅವಳು ಮುಚ್ಚಿದ್ದಳು. ಗಾಳಿ ಸಾಲದೆ ಉರಿಯುವ ಬೆಂಕಿ ವಿಷದ ಗಾಳಿ ಉಗುಳುತ್ತದೆ. ಉಳಿದ ಸಂದುಗೊಂದುಗಳಿಗೆಲ್ಲ ಪಟ್ಟಿ ಅಂಟಿಸಿದ್ದಳು. ಒಳಗಿನ ಬಾಗಿಲು ತೆರೆದಿಡಿ ಎಂದವಳೂ ಅವಳೇ. ಓಣಿಯ ತುದಿಯಲ್ಲಿಟ್ಟ ಫ್ಯಾನ್ ಆ ಮೂಲೆಯ ವಿಷವನ್ನು ಸ್ವಲ್ಪ ಸ್ವಲ್ಪವಾಗಿ, ನಿಧಾನವಾಗಿ ಹಾಲಿಗೆ ನೂಕುತ್ತಿರುತ್ತದೆ. ಹಾಲಿನ ಏಸಿ ಅದನ್ನು ಎಳೆದುಕೊಂಡು, ಬೆಚ್ಚಗೆ ಮಾಡಿ, ರೆಕ್ಕೆ ಬಗ್ಗಿಸಿ ನೇರ ನೆಲಕ್ಕೆ ಬಿಡುತ್ತಿರುತ್ತದೆ. ಬಟನ್ ಮಲಗುವುದು ಅಲ್ಲೇ, ಏಸಿಯ ಕೆಳಗಿನ ಚಾಪೆಯ ಮೇಲೆ. ಒಂದು ಕೋಣೆಗೂ ಹೆಚ್ಚು ಕಡಿಮೆಯಾಗದ ಹಾಗೆ ಹಂಚಿಕೊಟ್ಟಿದ್ದಳು. ಹದಿನೆಂಟು ವರ್ಷದ ಕೈಗುಣ.

ಸಿಗ್ನಲ್ಲಿನಲ್ಲಿ ನಿಂತಾಗ ಮತ್ತೆ ಫೋನ್ ಹಚ್ಚಿದಳು. ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ಹೊರಗೆ ಬಂದಿರಬಹುದು, ಗಾಬರಿಯಲ್ಲಿ ಫೋನ್ ಒಳಗೇ ಬಿಟ್ಟಿರಬಹುದು, ಮೆಟ್ಟಿಲ ಮೇಲೆ ಮೂವರೂ ಕೂತಿರಬಹುದು ಎಂದು ತನಗೆ ತಾನೇ ಹೇಳಿಕೊಂಡಳು. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ.

ಎರಡನೇ ಮಹಡಿಗೆ ಏರಿ ಬಾಗಿಲ ಮುಂದೆ ನಿಂತಾಗ ಒಳಗಿನಿಂದ ಹೊಲಿಗೆ ಮಿಷನ್ನಿನ ಸದ್ದು ಕೇಳಿಸಿತು. ಒಂದು ಕ್ಷಣ ಅವಳ ಜೀವ ಮರಳಿ ಬಂತು. ಹೊಲಿಯುತ್ತಿದ್ದಾಳೆ! ಏನೂ ಆಗಿಲ್ಲ! ಬೆಲ್ ಒತ್ತಿದಳು. ಮಿಷನ್ ನಿಲ್ಲಲಿಲ್ಲ. ಬಾಗಿಲು ಬಡಿದಳು. ನಿಲ್ಲಲಿಲ್ಲ. ಹೊಲಿಯುವವರು ಒಂದು ಅಂಚು ಮುಗಿದಾಗ ಕಾಲು ತೆಗೆಯುತ್ತಾರೆ, ಬಟ್ಟೆ ತಿರುಗಿಸುತ್ತಾರೆ, ದಾರ ಕತ್ತರಿಸುತ್ತಾರೆ. ಈ ಸದ್ದು ಎಲ್ಲೂ ತುಂಡಾಗದೆ ಒಂದೇ ಸಮನೆ ಓಡುತ್ತಿತ್ತು. ಯಾವ ಬಟ್ಟೆಯ ಅಂಚೂ ಅಷ್ಟು ಉದ್ದ ಇರುವುದಿಲ್ಲ. ಕರೆಂಟಿನ ಮಿಷನ್ನಿನ ಪೆಡಲಿನ ಮೇಲಿದ್ದ ಕಾಲನ್ನು ತೆಗೆಯುವವರು ಯಾರೂ ಇರಲಿಲ್ಲ.

ಅಡಿಗೆಮನೆಯ ಕಿಟಕಿ ಹೊರಗಿನ ನಡೆದಾರಿಗೆ ತೆರೆಯುತ್ತಿತ್ತು. ಸದ್ಯ, ಅದಕ್ಕೆ ಸರಳುಗಳಿರಲಿಲ್ಲ. ಸ್ಪಾನರಿನಿಂದ ಗಾಜಿಗೆ ಹೊಡೆದಳು. ಎರಡನೇ ಏಟಿಗೆ ಅದು ಒಳಗೆ ಸುರಿಯಿತು.

ಪಕ್ಕದ ಮನೆಯ ಬಸ್ ಕಂಡಕ್ಟರ್ ಬನಿಯನ್ನಿನಲ್ಲೇ ಹೊರಗೆ ಬಂದ. "ಏನ್ರೀ ಇದು, ಹಾಡಹಗಲೇ!"

"ಒಳಗೆ ಗ್ಯಾಸ್ ಹೊಗೆ ತುಂಬಿದೆ. ಯಾರೂ ಏಳ್ತಿಲ್ಲ. ನಾನು ಬಾಗಿಲು ತೆಗೀತೀನಿ, ನೀವು ಮಗೂನ ಎತ್ಕೊಳ್ಳಿ. ಉಸಿರು ಬಿಗಿಹಿಡಿದು ಬನ್ನಿ."

"ಹೊಗೆ ಎಲ್ಲಿದೆ? ವಾಸನೇನೂ ಇಲ್ವಲ್ಲ..."

"ಇರಲ್ಲ ಕಣ್ರೀ, ಅದಕ್ಕೆ ವಾಸನೆ ಇರಲ್ಲ!"

ಕಿಟಕಿಯಿಂದ ಒಳಗೆ ಇಳಿದಾಗ ಗಾಜು ಅಂಗೈ ಸೀಳಿದ್ದು ಅವಳಿಗೆ ತಿಳಿಯಲಿಲ್ಲ. ತಿಳಿದದ್ದು ಆ ಬೆಚ್ಚನೆ. ಅಡಿಗೆಮನೆಯಲ್ಲಿ, ಓಣಿಯಲ್ಲಿ, ಕಾಲ ಬಳಿ, ಕತ್ತಿನ ಬಳಿ, ಎಲ್ಲ ಕಡೆ ಒಂದೇ ಹದ. ಅಷ್ಟು ಚೆನ್ನಾಗಿ ಬೆಚ್ಚಗಾದ ಮನೆಯನ್ನು ಅವಳು ಎಂದೂ ಕಂಡಿರಲಿಲ್ಲ.

ಮುಂಬಾಗಿಲ ಚಿಲಕ ತೆಗೆದು, ತಿರುಗಿ ಒಗೆಯುವ ಮೂಲೆಗೆ ಓಡಿದಳು. ಗೀಸರಿನ ಜ್ವಾಲೆ ನೀಲಿ ಬಿಟ್ಟು ಕೊಳಕು ಹಳದಿಯಾಗಿತ್ತು. ನಲ್ಲಿಯ ಬಿಸಿನೀರು ಕಂಬಳಿಗಳ ಟಬ್ ತುಂಬಿ ನೆಲಕ್ಕೆ ಹರಿಯುತ್ತಿತ್ತು. ಸಿಲಿಂಡರಿನ ರೆಗ್ಯುಲೇಟರ್ ತಿರುಗಿಸಿ ಗ್ಯಾಸ್ ನಿಲ್ಲಿಸಿದಳು. ಥರ್ಮಾಕೋಲಿಗೆ ಉಗುರು ಹಾಕಿ ಎಳೆದಳು. ಅದು ಬರಲಿಲ್ಲ. ಅಷ್ಟು ಭದ್ರವಾಗಿ ಅಂಟಿಸಿದ್ದಳು. ಕೊನೆಗೆ ಮುಷ್ಟಿಯಿಂದ ಗುದ್ದಿ ತೂತು ಮಾಡಿ, ತುಂಡುತುಂಡಾಗಿ ಕಿತ್ತಳು. ಹೊರಗಿನ ಚಳಿ ಮುಖಕ್ಕೆ ರಾಚಿತು.

ಅತ್ತೆ ಹಾಸಿಗೆಯ ಮೇಲೆ ಬಾಯಿ ತೆರೆದು ಮಲಗಿದ್ದರು. ಕೆನ್ನೆ ಕೆಂಪಗೆ, ಯಾವ ಕಾಯಿಲೆಯೂ ಇಲ್ಲದವರ ಹಾಗೆ. ಹೆಗಲಿಗೆ ಹಾಕಿಕೊಂಡರೆ ಹತ್ತಿಯ ಮೂಟೆಯಷ್ಟೂ ಭಾರವಿರಲಿಲ್ಲ. ಓಣಿಯಲ್ಲಿ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಅವಳ ಮಂಡಿಯೇ ಕುಸಿಯತೊಡಗಿತು. ಉಸಿರು ಬಿಗಿಹಿಡಿದದ್ದು ಎಷ್ಟು ಹೊತ್ತೆಂದು ನೆನಪಿಲ್ಲ. ಎಲ್ಲೋ ಒಂದು ಕಡೆ ಆ ಗಾಳಿಯನ್ನು ಒಳಗೆ ಎಳೆದುಕೊಂಡುಬಿಟ್ಟಿದ್ದಳು. ಹಾಲಿನಲ್ಲಿ ಕಂಡಕ್ಟರ್ ಬಟನ್‌ಳನ್ನು ಎದೆಗವಚಿಕೊಂಡು ಹೊರಗೆ ಓಡುವುದು ಕಂಡಿತು. ಹುಡುಗಿಯ ಕಾಲು ಎರಡೂ ಕಡೆ ಜೋಲಾಡುತ್ತಿತ್ತು. ಮಿಷನ್ನಿನ ಮೇಲೆ ತಲೆ ಇಟ್ಟು ಟೈಲರಮ್ಮ. ಸೂಜಿ ಬಟ್ಟೆಯೇ ಇಲ್ಲದೆ ಚುಚ್ಚುತ್ತಲೇ ಇತ್ತು.

ಕಂಡಕ್ಟರ್ ಎರಡನೇ ಸಲ ಒಳಗೆ ಬಂದು ಟೈಲರಮ್ಮನನ್ನೂ ಎಳೆದು ತಂದ. ಮೂವರನ್ನೂ ನಡೆದಾರಿಯ ತಣ್ಣನೆ ಕಲ್ಲಿನ ಮೇಲೆ ಸಾಲಾಗಿ ಮಲಗಿಸಿದರು. ಗಾಳಿಯಕ್ಕ ಬಟನ್‌ಳ ಮೂಗಿನ ಹತ್ತಿರ ಕೆನ್ನೆ ಇಟ್ಟಳು. ಏನೂ ತಾಗಲಿಲ್ಲ. ಬದುಕಿಡೀ ಗಾಳಿಯ ಸುಳಿವು ಹಿಡಿದು ಬದುಕಿದವಳಿಗೆ ಒಂದು ಮಗುವಿನ ಉಸಿರು ಇದೆಯೋ ಇಲ್ಲವೋ ತಿಳಿಯಲಿಲ್ಲ. ತನ್ನದೇ ಏದುಸಿರು ಅಡ್ಡ ಬರುತ್ತಿತ್ತು. "ಬಟನ್, ಬಟನ್ನೂ, ಏಳೇ ಚಿನ್ನ" ಎಂದು ಬೆನ್ನು ತಟ್ಟಿದಳು. ಹುಡುಗಿ ಕೆಮ್ಮಿದಳು. ಇನ್ನೊಮ್ಮೆ ಕೆಮ್ಮಿ, ಗಾಳಿಯಕ್ಕನ ಮಡಿಲಿಗೇ ವಾಂತಿ ಮಾಡಿದಳು. ಅಷ್ಟು ಹೊತ್ತಿಗೆ ಕೆಳಗೆ ಆಂಬುಲೆನ್ಸಿನ ಕೂಗು ಕೇಳಿಸಿತು.

ಆಸ್ಪತ್ರೆಯಲ್ಲಿ ಮೂವರ ಮುಖಕ್ಕೂ ಆಮ್ಲಜನಕದ ಮುಖವಾಡ ಹಾಕಿದರು. ಬಟನ್ ಸಂಜೆಯೊಳಗೆ ಕಣ್ಣು ಬಿಟ್ಟು ಅಮ್ಮ ಎಲ್ಲಿ ಎಂದು ಕೇಳಿದಳು. ಟೈಲರಮ್ಮ ಮರುದಿನ ಎದ್ದು ಕೂತಳು. ಅತ್ತೆ ಮೂರು ದಿನ ಕಣ್ಣು ಬಿಡಲಿಲ್ಲ. ಆ ಮೂರು ದಿನ ಗಾಳಿಯಕ್ಕ ಆಸ್ಪತ್ರೆಯ ಮೊಗಸಾಲೆಯ ಬೆಂಚು ಬಿಟ್ಟು ಹೆಚ್ಚು ಕದಲಲಿಲ್ಲ. ನರ್ಸು ಬಾಗಿಲು ತೆರೆದಾಗಲೆಲ್ಲ ಎದ್ದು ನಿಲ್ಲುತ್ತಿದ್ದಳು.

ಡಾಕ್ಟರಮ್ಮನನ್ನು ಅವಳು ಫ್ಯಾನಿನ ವಿಷಯ ಕೇಳಿದಳು. ಮುಚ್ಚುಮರೆ ಮಾಡದೆ ಕೇಳಿದಳು.

ಡಾಕ್ಟರಮ್ಮ ಹೇಳಿದರು. "ಫ್ಯಾನ್ ಇಲ್ದೇ ಇದ್ದಿದ್ರೆ ಎಲ್ಲ ಹಿಂದಿನ ರೂಮಲ್ಲೇ ತುಂಬ್ಕೊಳ್ತಿತ್ತು. ಅಜ್ಜಿ ಉಳೀತಿರ್ಲಿಲ್ಲ ಅನ್ಸುತ್ತೆ. ಇದ್ದಿದ್ರಿಂದ ಮಗೂಗೂ ತಾಯಿಗೂ ತಗುಲ್ತು. ಎರಡೂ ನಿಜ."

"ಮತ್ತೆ ಕಿಂಡಿ?"

"ಕಿಂಡಿ ತೆರೆದಿದ್ದಿದ್ರೆ ಯಾರೂ ಇಲ್ಲಿಗೆ ಬರ್ತಿರ್ಲಿಲ್ಲ."

ಅದನ್ನೇ ಅವಳು ಟೈಲರಮ್ಮನ ಮಂಚದ ಪಕ್ಕ ನಿಂತು ಹೇಳಿದಳು. ಅಷ್ಟು ಹೊತ್ತಿಗೆ ಟೈಲರಮ್ಮ ಎಲ್ಲರ ಮುಂದೂ ಇವಳನ್ನು ಕೊಂಡಾಡುತ್ತಿದ್ದಳು. ಜೀವ ಉಳಿಸಿದವಳು, ದೇವರು ಕಳಿಸಿದ ಹಾಗೆ ಬಂದವಳು ಎಂದು. ಗಾಳಿಯಕ್ಕನಿಗೆ ಅದನ್ನು ಕೇಳಿಸಿಕೊಳ್ಳಲಾಗಲಿಲ್ಲ. "ಉಳಿಸಿದ್ದು ಆಮೇಲೆ. ಮೊದ್ಲು ಆ ಕಿಂಡಿ ಮುಚ್ಚಿದ್ದು ನಾನೇ. ಗೀಸರ್ ಸರಿ ಆದ್ರೆ ತೆಗೀಬೇಕು ಅಂತ ನಂಗೆ ಗೊತ್ತಿತ್ತು. ಹೇಳೋದು ಮರ್ತೆ."

ಟೈಲರಮ್ಮ ಪಕ್ಕದಲ್ಲಿ ಮಲಗಿದ್ದ ಮಗಳ ಮೇಲೆ ಕೈ ಇಟ್ಟಳು. "ಈಗ ಹೋಗಿ" ಎಂದಳು. "ಕೋಪಕ್ಕೆ ಏನಾದ್ರೂ ಅಂದುಬಿಡ್ತೀನಿ. ಹೋಗಿ."

ಅತ್ತೆ ನಾಲ್ಕನೇ ದಿನ ಕಣ್ಣು ಬಿಟ್ಟರು. ಎಡಗೈ ನಡುಗುತ್ತಿತ್ತು. ಮಾತು ಬಂತು, ಆದರೆ ಸೊಸೆಯನ್ನು ಒಮ್ಮೊಮ್ಮೆ ತಮ್ಮ ತಂಗಿಯ ಹೆಸರಿನಿಂದ ಕರೆಯುತ್ತಿದ್ದರು. ಕಾಲಕ್ರಮೇಣ ಸರಿಹೋಗಬಹುದು, ಹೋಗದೆಯೂ ಇರಬಹುದು ಎಂದರು ಡಾಕ್ಟರಮ್ಮ. ಮೂವರೂ ಮನೆಗೆ ಮರಳಿದ ವಾರದ ನಂತರ ಟೈಲರಮ್ಮನ ಫೋನ್ ಬಂತು. "ಗೀಸರ್ ರಿಪೇರಿ ಆಯ್ತು ಅಂತ ನಾನಾದ್ರೂ ಮೊದ್ಲೇ ಹೇಳ್ಬಹುದಿತ್ತು. ಕಿಂಡಿ ಬಿಚ್ಚಬೇಕು ಅಂತ ನಂಗೆ ಗೊತ್ತಿರ್ಲಿಲ್ಲ. ನಿಮಗೆ ಗೊತ್ತಿತ್ತು. ಅಷ್ಟೇ ವ್ಯತ್ಯಾಸ" ಎಂದಳು. ಆಮೇಲೆ, "ಕಿಟಕಿ ಹಾಕೋಕೆ ಕೈ ಬರ್ತಿಲ್ಲ ಅಕ್ಕ. ಮೂವರೂ ನಡುಗ್ತಾ ಕೂತಿರ್ತೀವಿ. ಬೇರೆಯವರು ಬಂದ್ರೆ ನಂಗೆ ನಂಬಿಕೆ ಇಲ್ಲ. ನೀವೇ ಬಂದು ಯಾವುದು ಮುಚ್ಚಬಹುದು, ಯಾವುದು ಮುಚ್ಚಬಾರದು ಹೇಳಿ ಹೋಗಿ" ಎಂದಳು.

ಗಾಳಿಯಕ್ಕ ಹೋದಳು. ಗೀಸರ್ ಅಷ್ಟರಲ್ಲಿ ಗುಜರಿಗೆ ಹೋಗಿತ್ತು. ಕಿಟಕಿಗಳನ್ನು ಒಂದೊಂದಾಗಿ ಹಾಕಿದಳು, ಪ್ರತಿ ಸಲ ಟೈಲರಮ್ಮನ ಮುಖ ನೋಡಿಕೊಂಡು. ಕೊನೆಯದರ ಚಿಲಕ ಮುಟ್ಟಿದವಳು ಕೈ ಹಿಂದಕ್ಕೆ ತೆಗೆದಳು. ಇಬ್ಬರೂ ಆ ಕಿಟಕಿಯನ್ನು ಹಾಗೇ ಬಿಟ್ಟರು.

ಆದರೆ ಅವಳ ಹೊಟ್ಟೆಯೊಳಗಿನ ಕಲ್ಲು ಕರಗಲಿಲ್ಲ. ಆ ಚಳಿಗಾಲದಲ್ಲಿ ಅವಳು ಸಂದು ಮುಚ್ಚಿದ್ದ ಮನೆ ಅದೊಂದೇ ಅಲ್ಲ. ಅಂಗಡಿಯಲ್ಲಿ ಫೋನ್ ನೋಡಿಕೊಳ್ಳುತ್ತಿದ್ದ ಅಣ್ಣನ ಹತ್ತಿರ ಪುಸ್ತಕ ತೆಗೆಸಿ ನೋಡಿದರೆ ಇನ್ನೂ ಹತ್ತೊಂಬತ್ತು ಮನೆ. ಕೆಲವು ಕಿಂಡಿಗಳು ನೆನಪಿದ್ದವು, ಕೆಲವು ನೆನಪಿರಲಿಲ್ಲ.

"ಮನೆಮನೆಗೂ ಹೋಗಿ ನಾನು ತಪ್ಪು ಮಾಡ್ದೆ ಅಂತ ಹೇಳ್ತೀಯಾ?" ಅಣ್ಣ ತಲೆ ಮೇಲೆ ಕೈಹೊತ್ತ. "ಇನ್ಮೇಲೆ ಯಾರು ಕರೀತಾರೆ ನಿನ್ನ?"

"ಕರೀದೇ ಇರಲಿ. ಫೋನ್ ಎತ್ತೋಕೆ ಅವರಾದ್ರೂ ಇರಲಿ."

ಎಲ್ಲರಿಗೂ ಮೊದಲು ಫೋನ್ ಮಾಡಿದಳು. ಹದಿನೆಂಟು ಮಂದಿ ಎತ್ತಿದರು. ಕೆಲವರು ನಕ್ಕರು, ಕೆಲವರು ಬೈದರು, ಒಬ್ಬರ ಮನೆಯಲ್ಲಿ ನಿಜವಾಗಿಯೂ ಒಂದು ಕಿಂಡಿ ಬಿಚ್ಚಬೇಕಾಯಿತು. ಹತ್ತೊಂಬತ್ತನೆಯವರು ಒಬ್ಬ ಗಡಿಯಾರ ರಿಪೇರಿಯವರು, ಒಂಟಿ ಮನುಷ್ಯ. ಫೋನ್ ಎತ್ತಲಿಲ್ಲ. ಎರಡು ಸಲ, ಮೂರು ಸಲ. ಅವಳು ಸ್ಕೂಟರ್ ತೆಗೆದಳು.

ಕಿರುದಾರಿಯ ಕೊನೆಯ ಮನೆ. ಬೆಲ್ ಒತ್ತಿದಳು. ಒಳಗೆ ನೂರೆಂಟು ಗಡಿಯಾರಗಳ ಟಿಕ್‌ಟಿಕ್ ಬಿಟ್ಟರೆ ಬೇರೆ ಸದ್ದಿಲ್ಲ. ಬಾಗಿಲಿಗೆ ಕಿವಿ ಇಟ್ಟಳು. ಬಡಿದಳು. ಕಿಟಕಿಯ ಕಡೆ ನೋಡಿದಳು. ಅವಳೇ ಅಂಟಿಸಿದ ಪಟ್ಟಿ, ಗಾಜಿನ ಒಳಗೆ ಆವಿ ಕಟ್ಟಿತ್ತು. ಕೈ ತಾನಾಗಿ ಚೀಲದೊಳಗಿನ ಸ್ಪಾನರನ್ನು ಹುಡುಕತೊಡಗಿತು. ಅಂಗೈಯ ಹೊಲಿಗೆ ಇನ್ನೂ ಬಿಚ್ಚಿರಲಿಲ್ಲ.

ಆಗ ಒಳಗೆ ಚಪ್ಪಲಿ ಎಳೆಯುವ ಸದ್ದಾಯಿತು. ಬಾಗಿಲು ಒಂದು ಗೇಣು ತೆರೆಯಿತು. ನಿದ್ದೆಯಿಂದೆದ್ದ ಮುಖ, ಹಣೆಯ ಮೇಲೆ ಕನ್ನಡಕ.

"ಏನಮ್ಮ, ಬಾಗಿಲು ಮುರೀತೀಯಾ? ಒಂದು ಗಳಿಗೆ ಕಣ್ಣು ಮುಚ್ಚಿದ್ರೆ..."

ಗಾಳಿಯಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಆಮೇಲೆ ಕೇಳಿದಳು. "ತಲೆ ಏನಾದ್ರೂ ನೋಯ್ತಿದೆಯಾ?"

"ಈಗ ನೋಯೋಕೆ ಶುರುವಾಗಿದೆ" ಎಂದು ಮುದುಕ ಗೊಣಗಿ, ಅವಳ ಮುಖ ನೋಡಿ, ಬಾಗಿಲನ್ನು ಪೂರ್ತಿ ತೆರೆದ.